ಗರ್ಭಿಣಿ ಕೆಲಸ ಕೇಳಿ ಬಂದಾಗ



ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಗುಮಾಸ್ತರ ಹುದ್ದೆಗೆ ಅರ್ಜಿ ಹಾಕಿದವರಲ್ಲಿ ಐದು ತಿಂಗಳ ಗರ್ಭಿಣಿಯೊಬ್ಬರಿದ್ದರು. ಬಿ.ಕಾಂ. ಓದಿದವರು, ಲೆಕ್ಕ ಬಲ್ಲವರು. ಸಂದರ್ಶನದಲ್ಲಿ ಜಮಾ-ಖರ್ಚಿನ ವಿಷಯ ಬಿಟ್ಟು ‘ಎಷ್ಟು ತಿಂಗಳು?’ ಎಂದು ಕೇಳಿದೆವು. ಆಕೆ ಮುಚ್ಚಿಡದೆ ಹೇಳಿದರು. ಆಮೇಲೆ ನಡೆದ ಚರ್ಚೆಯೆಲ್ಲ ಹೆರಿಗೆಯದೇ. ಕೆಲಸ ಬೇರೆಯವರಿಗೆ ಹೋಯಿತು. ಕಾರ್ಯದರ್ಶಿಯಾದ ನಾವೂ ತುಟಿ ಬಿಚ್ಚಲಿಲ್ಲ. ಆ ಕೊರಗಿನಿಂದಲೇ ಇಷ್ಟು ಓದಿ ಬರೆಯುತ್ತಿದ್ದೇವೆ.

ಜೀವ ವಿಮಾ ನಿಗಮವು ಹಿಂದೆ ಹೆಂಗಸರ ಅರ್ಜಿಯಲ್ಲಿ ಮುಟ್ಟಿನ ದಿನಾಂಕವನ್ನೂ ಕೇಳುತ್ತಿತ್ತು. ಗರ್ಭವನ್ನು ತಿಳಿಸಲಿಲ್ಲವೆಂದು ನೀರಾ ಮಾಥುರ್ ಎಂಬವರನ್ನು ಕೆಲಸದಿಂದ ತೆಗೆಯಿತು. 1991ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿ, ಇಂಥ ಪ್ರಶ್ನೆಗಳನ್ನು ನಮೂನೆಯಿಂದ ಕಿತ್ತುಹಾಕಲು ಸೂಚಿಸಿತು. ಆದರೂ 2021ರ ಡಿಸೆಂಬರ್ ಕೊನೆಯ ಮಾರ್ಗಸೂಚಿಯಲ್ಲಿ ಸ್ಟೇಟ್ ಬ್ಯಾಂಕು, ಮೂರು ತಿಂಗಳು ಮೀರಿದ ಗರ್ಭಿಣಿ ಹೊಸ ನೇಮಕಕ್ಕೆ ತಾತ್ಕಾಲಿಕವಾಗಿ ಅನರ್ಹಳೆಂದಿತು. ವಿರೋಧ ಎದ್ದ ಮೇಲೆ 2022ರ ಜನವರಿಯಲ್ಲಿ ತಡೆಹಿಡಿಯಿತು. ದೊಡ್ಡವರ ಪಾಡೇ ಹೀಗಾದರೆ ನಮ್ಮದೇನು!

ಹೆರಿಗೆ ಸೌಲಭ್ಯದ 1961ರ ಕಾಯಿದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಪ್ಲಾಂಟೇಶನ್‌ಗಳಿಗೂ ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೂ ಅದು ಅನ್ವಯ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ. ನಾಲ್ಕೈದು ತಿಂಗಳಲ್ಲಿ ಸೇರಿದವಳಿಗೂ ಈ ಎಂಬತ್ತು ದಿನ ತುಂಬಬಹುದು. ರಜೆಯಲ್ಲಿದ್ದಾಗ ಆಕೆಯನ್ನು ತೆಗೆಯುವಂತಿಲ್ಲ. ಆದರೆ ಗಮನಿಸಿ: ಈ ರಕ್ಷಣೆಯೆಲ್ಲ ಒಳಗೆ ಬಂದವಳಿಗೆ. ಬಾಗಿಲಲ್ಲಿ ನಿಂತವಳ ಮಟ್ಟಿಗೆ ತೀರ್ಮಾನ ನಮ್ಮ ಕೈಯಲ್ಲೇ ಉಳಿಯುತ್ತದೆ.

ತೋಟದವರಿಗೆ ಒಂದು ಹಳೆಯ ಮೊಕದ್ದಮೆ ನೆನಪಿಡತಕ್ಕದ್ದು. ತಮಿಳುನಾಡಿನ ಮೌಂಟ್ ಸ್ಟುವರ್ಟ್ ಎಸ್ಟೇಟಿನವರು ಕೂಲಿ ಹೆಂಗಸೊಬ್ಬಳಿಗೆ ಹೆರಿಗೆಯ ಹಣ ಕೊಡುವಾಗ ಭಾನುವಾರಗಳನ್ನು ಬಿಟ್ಟು ಲೆಕ್ಕ ಹಾಕಿದ್ದರು. ವಾರಕ್ಕೆ ಏಳು ದಿನವೆಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ನಮ್ಮ ಕೋಟೇಶ್ವರದ ಕಡೆಯ ಎರಡು ಮೂರು ಎಕರೆಯ ತೋಟ ಕಾನೂನಿನ ಲೆಕ್ಕದಲ್ಲಿ ಪ್ಲಾಂಟೇಶನ್ ಅಲ್ಲ. ಹಾಗೆಂದು ಬಸುರಿ ಹೆಂಗಸು ಅಂಗಳಕ್ಕೆ ಬಂದಾಗ ‘ಈಗ ಬೇಡ, ಹೆತ್ತ ಮೇಲೆ ಬಾ’ ಎನ್ನಬೇಕಾಗಿಲ್ಲ. ಅವಳಿಗೆ ಹಣ ಬೇಕಿರುವುದೇ ಈಗ. ಗೊಬ್ಬರ ಹೊರುವುದು, ಮದ್ದು ಬೆರೆಸುವುದು ಅವಳಿಗೆ ಸಲ್ಲದು. ಮದ್ದು ಹೊಡೆಯುವ ದಿನ ತೋಟದೊಳಕ್ಕೇ ಬೇಡ. ನೆರಳಲ್ಲಿ ಕುಳಿತು ಅಡಿಕೆ ಆರಿಸಬಹುದು, ಚೀಲದ ಲೆಕ್ಕ ಬರೆಯಬಹುದು. ನಡುವೆ ಎದ್ದು ನಡೆದಾಡಲು ಬಿಡಬೇಕು. ಕೂಲಿ ಕಡಿತ ಕೂಡದು. ಹೆರಿಗೆಯಾಗಿ ಆರು ವಾರ ಯಾರೂ ಅವಳನ್ನು ಕರೆಯಬಾರದು.

ಅಂಗನವಾಡಿಗೆ ಕಳುಹಿಸಿ ಹೆಸರು ಬರೆಸಿ. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ಸಿಗುತ್ತದೆ.

ಇನ್ನು ಮುಂದೆ ಸಂಘದ ಸಂದರ್ಶನದಲ್ಲಿ ಆ ಪ್ರಶ್ನೆ ಇರಕೂಡದೆಂದು ಮಂಡಳಿ ಠರಾವು ಮಾಡಿದೆ. ಬರುವ ತಿಂಗಳು ಇನ್ನೊಂದು ಹುದ್ದೆ ತೆರವಾಗಲಿದ್ದು, ಆ ಮಹಿಳೆಗೂ ಕಾಗದ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.