ಸೈಕಲ್ ಚೈನು ಬಿದ್ದರೆ ಏನು ಮಾಡಬೇಕು?



ನಮ್ಮಲ್ಲಿ ಬಹಳ ಜನ ಪಕ್ಕದ ಹಳ್ಳಿಗಳಿಂದ ಸೈಕಲ್ಲಿನಲ್ಲಿ ಶಾಲೆಗೆ ಬರುತ್ತೇವೆ. ದಾರಿಯಲ್ಲಿ ಚೈನು ಬಿದ್ದರೆ ಒಬ್ಬ ಚೈನು ಹಿಡಿಯುತ್ತಾನೆ, ಇನ್ನೊಬ್ಬ "ಹಿಡ್ಕೊಂಡ್ಯೇನೋ? ತಿರುಗಿಸ್ತೀನಿ" ಅಂತ ಪೆಡಲ್ ತಿರುಗಿಸುತ್ತಾನೆ. ಹೋದ ವರ್ಷ ನಮ್ಮಣ್ಣನೂ ಅವನ ಗೆಳೆಯನೂ ಹೀಗೇ ಮಾಡಿದರು. ಅಣ್ಣ ಬೆರಳು ತೆಗೆಯುವ ಮೊದಲೇ ಪೆಡಲ್ ತಿರುಗಿತು. ಬಲಗೈ ತೋರುಬೆರಳು ಚೈನಿಗೂ ಹಲ್ಲಿಗೂ ನಡುವೆ ಸಿಕ್ಕಿ ಉಗುರು ಕಿತ್ತುಬಂತು. ಎರಡು ವಾರ ಪೆನ್ನು ಹಿಡಿಯೋಕೆ ಆಗಲಿಲ್ಲ. ಅದಕ್ಕೇ ಈ ಪಾಠ.

ಚೈನು ಹಾಕುವ ಕ್ರಮ (ಗೇರ್ ಇಲ್ಲದ ಸೈಕಲ್ಲಿಗೆ):

1. ರಸ್ತೆ ಬಿಟ್ಟು ಪಕ್ಕಕ್ಕೆ ಬನ್ನಿ. ಹಿಂದಿನ ಚಕ್ರ ನೆಲದಿಂದ ಮೇಲೇಳುವಂತೆ ಸ್ಟ್ಯಾಂಡ್ ಹಾಕಿ. ಒಂಟಿ ಸ್ಟ್ಯಾಂಡ್ ಆದರೆ ಗೆಳೆಯ ಸೀಟು ಎತ್ತಿ ಹಿಡಿಯಲಿ. ಅವನ ಕೆಲಸ ಅಷ್ಟೇ. ಪೆಡಲ್ ಮುಟ್ಟಬಾರದು.

2. ಚೈನು ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ.

3. ಮೊದಲು ಹಿಂದಿನ ಫ್ರೀವೀಲ್ ಹಲ್ಲುಗಳಿಗೆ ಚೈನು ಕೂರಿಸಿ.

4. ಆಮೇಲೆ ಮುಂದಿನ ದೊಡ್ಡ ಹಲ್ಲುಚಕ್ರದ ಮೇಲ್ಭಾಗದ ಮೂರು ನಾಲ್ಕು ಹಲ್ಲುಗಳ ಮೇಲೆ ಚೈನು ಇಡಿ. ತನ್ನ ಭಾರಕ್ಕೇ ಅಲ್ಲಿ ನಿಲ್ಲುತ್ತದೆ.

5. ಕೈ ತೆಗೆಯಿರಿ. ಎದ್ದು ಎಡಗಡೆಗೆ ಬನ್ನಿ. ಚೈನು ಇರುವುದು ಬಲಗಡೆ ಅಲ್ಲವೇ? ಎಡ ಪೆಡಲನ್ನು ಕೈಯಿಂದ ನಿಧಾನವಾಗಿ ಮುಂದಕ್ಕೆ ತಿರುಗಿಸಿ. ಒಂದು ಸುತ್ತಿನೊಳಗೆ ಚೈನು ತಾನೇ ಕೂರುತ್ತದೆ. ಕೂರದಿದ್ದರೆ ಮತ್ತೆ 4ರಿಂದ ಶುರು ಮಾಡಿ.

ನೆನಪಿಡಿ: ಚೈನು ಮುಟ್ಟಿದ ಕೈಯೇ ಪೆಡಲ್ ತಿರುಗಿಸಬೇಕು. ಒಂದೇ ಕೈ ಎರಡು ಕಡೆ ಇರಲಾರದು, ಆದ್ದರಿಂದ ಬೆರಳು ಸಿಕ್ಕುವುದಿಲ್ಲ. ಇನ್ನೊಂದು ಕೈ ಸೀಟಿನ ಮೇಲಿರಲಿ.

ಚೈನು ಯಾಕೆ ಬೀಳುತ್ತದೆ?

ಸಡಿಲವಾದ್ದರಿಂದ. ಎರಡು ಹಲ್ಲುಚಕ್ರಗಳ ನಡುವೆ ಚೈನನ್ನು ಕಡ್ಡಿಯಿಂದ ಮೇಲೆ ಕೆಳಗೆ ಆಡಿಸಿ. ಅರ್ಧದಿಂದ ಮುಕ್ಕಾಲು ಅಂಗುಲ ಆಡಿದರೆ ಸರಿ. ಅದಕ್ಕಿಂತ ಹೆಚ್ಚಾದರೆ ಹಿಂದಿನ ಚಕ್ರದ ಎರಡೂ ನಟ್ಟು ಸಡಿಲಿಸಿ, ಚಕ್ರವನ್ನು ನೇರವಾಗಿ ಹಿಂದಕ್ಕೆಳೆದು ಬಿಗಿ ಮಾಡಬೇಕು. ಆಮೇಲೆ ಬ್ರೇಕು ಹಿಡಿಯುತ್ತದೆಯೇ ನೋಡಬೇಕು. ಇದನ್ನು ದೊಡ್ಡವರ ಜೊತೆ ಮಾಡಿ.

ಹಳೆ ಚೈನು ಸವೆದು ಉದ್ದವಾಗುತ್ತದೆ. ಇದನ್ನು 30 ಸೆಂ.ಮೀ. ಸ್ಕೇಲಿನ ಅಂಗುಲದ ಕಡೆಯಿಂದ ಅಳೆಯಬಹುದು. ಚೈನಿನ ಒಂದು ಪಿನ್ನಿಂದ ಇನ್ನೊಂದಕ್ಕೆ ಅರ್ಧ ಅಂಗುಲ. ಹಾಗಾದರೆ 24 ಕೊಂಡಿಗೆ ಸರಿಯಾಗಿ 12 ಅಂಗುಲ ಆಗಬೇಕು. ಅಂಗುಲದ ಎಂಟನೇ ಒಂದು ಭಾಗ ಹೆಚ್ಚಿದ್ದರೆ ಆ ಚೈನು ಮುಗಿಯಿತು ಅಂತಲೇ ಲೆಕ್ಕ.

ಒಂದು ವೇಳೆ ಬೆರಳಿಗೆ ಪೆಟ್ಟಾದರೆ ಮಣ್ಣು, ಕಾಫಿಪುಡಿ ಮೆತ್ತಬೇಡಿ. ನೀರು ಸೋಪಿನಿಂದ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ.

ಇವತ್ತು ಸಂಜೆ ಮನೆಗೆ ಹೊರಡುವ ಮುಂಚೆ ನಿಮ್ಮ ಸೈಕಲ್ ಚೈನು ಎಷ್ಟು ಆಡುತ್ತದೆ, ನೋಡಿಬಿಡಿ.

— 9ನೇ ತರಗತಿಯ ವಿದ್ಯಾರ್ಥಿ