ಅಜ್ಜಿಗೆ ಕೇಳಿಸಿದ ಕಾರಣಿಕ

ಮೈಲಾರದ ಕಾರಣಿಕ ಕೇಳಿ ನೀವು ನಕ್ಕಿರಿ, ಅಂದಿನಿಂದ ಅಜ್ಜಿ ಮಾತು ಬಿಟ್ಟಿದ್ದಾರೆ ಎಂದು ಬರೆದಿದ್ದೀರಿ. ನಂಬಿಕೆ ಹೋದದ್ದು ತಪ್ಪಲ್ಲ, ನಕ್ಕದ್ದು ತಪ್ಪು. ಮೈಲಾರದ ಡೆಂಕನಮರಡಿಯಲ್ಲಿ ಬಿಲ್ಲೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಅಷ್ಟು ದೊಡ್ಡ ಜಾತ್ರೆಯೇ ಉಸಿರು ಬಿಗಿಹಿಡಿಯುತ್ತದೆ. ಆಮೇಲೆ ಬರುವುದು ಒಂದೇ ಸಾಲಿನ ಭವಿಷ್ಯವಾಣಿ, ಅದೇ ಕಾರಣಿಕ. ಅರ್ಥ ಕಟ್ಟುವವರು ಕೇಳಿದವರೇ: ರೈತರಿಗೆ ಮಳೆ-ಬೆಳೆ, ರಾಜಕಾರಣಿಗಳಿಗೆ ಕುರ್ಚಿ. (ಟಿವಿಯವರಿಗೆ ಇಡೀ ದಿನದ ಚರ್ಚೆ!) ಹಡಗಲಿ ಸೀಮೆಯಲ್ಲಿ ಮುಗಿಲು ನೋಡುತ್ತ ಜೋಳ ಬಿತ್ತಿದ ಅಜ್ಜಿಗೆ ಅದರಲ್ಲಿ ಏನು ಕೇಳಿಸಿತು ಎಂದು ವಿಚಾರಿಸಿದ್ದೀರಾ?

ಭಕ್ತಿ ನಟಿಸಬೇಡಿ, ಅವರಿಗೆ ಕೂಡಲೇ ಗೊತ್ತಾಗುತ್ತದೆ. ಮುಂದಿನ ಭರತ ಹುಣ್ಣಿಮೆ ಜಾತ್ರೆಗೆ ನೀವೇ ಕರೆದೊಯ್ಯಿರಿ. ಭಂಡಾರ ಹಚ್ಚಲು ಬಂದರೆ ಹಣೆ ಕೊಡಿ. ವಾಪಸು ಬರುವಾಗ ಬಸ್ಸಿನಲ್ಲಿ, ‘ಈ ಸಲದ ಮಾತಿಗೆ ನೀ ಏನ್ ಅರ್ಥ ಮಾಡ್ತೀ ಅಜ್ಜಿ?’ ಎಂದು ಕೇಳಿ.