ಹೆಸರು ಬಿಡಿಸೂದು ಆಮ್ಯಾಲೆ, ಮದಲ ಕಣ್ಣು ತೋರಿಸು

ತಮ್ಮಾ, ಕಣ್ಣ ಮುಂದ ಸೊಳ್ಳಿ ಹಾರಿದಂಗ ಆಗತೈತಿ ಅಂದಿ. ನೋವಿಲ್ಲ, ಕೆಂಪಾಗಿಲ್ಲ, ಹೊಲದಾಗ ಹೆಸರು ಬಿಡಿಸೂದು ಮುಗದ ಮ್ಯಾಲೆ ತೋರಿಸತೇನಿ ಅಂತ ಬ್ಯಾರೆ ಹೇಳಿದಿ. ಆ ಮಾತು ನನಗ ಸೇರಲಿಲ್ಲ.

ನೋವಿಲ್ಲದನ ಕಣ್ಣು ತಿನ್ನೂ ಬ್ಯಾನಿ ಒಂದೈತಿ. ಸೈಟೊಮೆಗಾಲೊ ವೈರಸ್, ಡಾಕ್ಟರ ಬಾಯಾಗ ಸಿಎಂವಿ, ನಮ್ಮ ಕಡೆ ಬಹಳ ಮಂದಿ ಮೈಯಾಗ ಸಣ್ಣಂದಿನಿಂದ ಸುಮ್ಮನ ಕುಂತಿರತೈತಿ. ಎಚ್‌ಐವಿ ಇದ್ದವರ ಮೈ ಕಾಯೂ ಸಿಡಿ4 ಕಣಗಳ ಲೆಕ್ಕ 50ರ ಕೆಳಗ ಇಳೀತು ಅಂದರ ಕಣ್ಣಿನ ಹಿಂದಿನ ಪರದೆಗೆ ಕೈ ಹಾಕತೈತಿ. ಪರದೆಯ ಸತ್ತ ಭಾಗ ತಿರುಗಿ ಬರೂದಿಲ್ಲ. ಒಂದೊಂದ ಕಣ್ಣು ಮುಚ್ಚಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡು. ಎರಡೂ ತೆರೆದಿದ್ದರ ಒಂದರ ಕೊರತಿ ಇನ್ನೊಂದು ಮುಚ್ಚಿ ಬಿಡತೈತಿ. ಮೆಡಿಕಲ್ ಅಂಗಡಿ ಡ್ರಾಪ್ಸ್ ಹಾಕ್ಕೊಂಡು ಕೂಡಬ್ಯಾಡ. ಕಣ್ಣಿನ ಪಾಪಿ ಹಿಗ್ಗಿಸಿ ಒಳಗ ನೋಡಿದರನ ಇದು ಗೊತ್ತಾಗೂದು.

ಔಷಧ ಐತಿ. ಗ್ಯಾನ್ಸಿಕ್ಲೋವಿರ್ ಅಂತ, ಕಣ್ಣಿನೊಳಗ ಇಂಜೆಕ್ಷನ್ ಕೊಡತಾರ. ವ್ಯಾಲ್‌ಗ್ಯಾನ್ಸಿಕ್ಲೋವಿರ್ ಗುಳಿಗಿನೂ ಐತಿ. ಆದರ ಈ ಔಷಧ ತಾನಾಗೇ ಕೆಲಸ ಮಾಡೂದಿಲ್ಲ, ವೈರಸ್ಸಿನದೇ ಒಂದು ಕಿಣ್ವ ಅದನ್ನ ಚಾಲೂ ಮಾಡಬೇಕು. ಕಳ್ಳನ ಕೀಲಿಯಿಂದನ ಕಳ್ಳನ್ನ ಕೂಡಿ ಹಾಕಿದಂಗ! ತಿಂಗಳಗಟ್ಟಲೆ ಔಷಧ ನಡೆದರೂ ವೈರಸ್ ಪೂರಾ ಅಡಗಲಿಲ್ಲ ಅಂದರ, ಆ ಕಿಣ್ವ ಬದಲಾದ ತಳಿ ಉಳಕೊಂಡು ಬೆಳೀತೈತಿ. ಆಗ ಈ ಮದ್ದು ನಾಟೂದಿಲ್ಲ. ಫಾಸ್ಕಾರ್ನೆಟ್ ಅಂತ ಇನ್ನೊಂದೈತಿ, ಕಿಡ್ನಿಗೆ ಭಾಳ ತ್ರಾಸು.

ಹಂಗಾಗಿ ಕಣ್ಣಿನ ಮದ್ದಿಗಿಂತ ದೊಡ್ಡ ಮದ್ದು ಎಚ್‌ಐವಿಗೆ ನೀ ನುಂಗೂ ಎ.ಆರ್.ಟಿ. ಗುಳಿಗಿ. ಅದು ಸಿಡಿ4 ಏರಿಸಿದರನ ಸಿಎಂವಿ ಖರೇ ಅಡಗೂದು. ಮದುವಿ, ಜಾತ್ರಿ, ಸುಗ್ಗಿ ಅಂತ ಬಿಟ್ಟು ಬಿಟ್ಟು ನುಂಗಿದರ ಎಚ್‌ಐವಿನೂ ಔಷಧಕ್ಕ ಬಗ್ಗದಂಗ ಆಗತೈತಿ. 2004ರ ಏಪ್ರಿಲ್‌ದಿಂದ ಸರಕಾರ ಈ ಗುಳಿಗಿ ಪುಕ್ಕಟ ಕೊಡಾಕ ಹತ್ತೈತಿ. ಅದಕ್ಕೂ ಮದಲ ರೊಕ್ಕಿಲ್ಲದವರ ಪಾಡು ಕೇಳಬ್ಯಾಡ. ಇನ್ನೊಂದು ಮಾತು. ಸಿಡಿ4 ಏರುವಾಗ ಒಬ್ಬೊಬ್ಬರಿಗೆ ಕಣ್ಣಾಗ ಉರಿಯೂತ ಆಗಿ ಮಂಜು ಕವೀತೈತಿ. ಗುಳಿಗಿಯಿಂದನ ಕಣ್ಣು ಹೋತು ಅಂತ ನೀನಾಗೇ ಬಿಡಬ್ಯಾಡ, ಡಾಕ್ಟರಿಗೆ ಹೇಳು.

ಊರಾಗ ಸುದ್ದಿ ಆಗತೈತಿ ಅಂತ ಅಂಜತಿ, ಗೊತ್ತೈತಿ. ನಿನ್ನ ಒಪ್ಪಿಗಿ ಇಲ್ಲದ ಆಸ್ಪತ್ರೆಯವರು ಗುಟ್ಟು ಹೊರಗ ಹಾಕಬಾರದು ಅಂತ 2017ರ ಕಾಯ್ದೇನ ಐತಿ. ನಾಳೆ ಮುಂಜಾನಿ ಮೊರಬದಿಂದ ಹುಬ್ಬಳ್ಳಿ ಬಸ್ ಹಿಡಿ. ಕಿಮ್ಸ್ ಅನ್ನೂ ಆಸ್ಪತ್ರೆಯಾಗ ಎ.ಆರ್.ಟಿ. ಡಾಕ್ಟರಿಗೆ ಕಣ್ಣಿನ ಮಾತು ಮದಲ ಹೇಳು, ಅವರ ಚೀಟಿ ತಗೊಂಡು ಕಣ್ಣಿನ ವಿಭಾಗಕ್ಕ ಹೋಗು. ಏನರ ಕೇಳೂದಿದ್ದರ ಎಚ್‌ಐವಿ ಸಹಾಯವಾಣಿ 1097ಕ್ಕ ಫೋನ್ ಹಚ್ಚು, ರೊಕ್ಕ ಬೀಳೂದಿಲ್ಲ.